ಲಕೋಟೆಯಲ್ಲಿ ಬರುವ ಹೊಸ ಭತ್ತ

ನಾವು ಅಕ್ಕ ತಂಗಿ ಬಿಟಿಎಂ ಲೇಔಟಿನ ಒಂದು ಕೋಣೆಯಲ್ಲಿದ್ದೇವೆ. ಊರು ಬೆಳ್ತಂಗಡಿ ಕಡೆ. ಪ್ರತಿ ಸೆಪ್ಟೆಂಬರಿನಲ್ಲಿ ಅಮ್ಮನಿಂದ ಲಕೋಟೆ ಬರುತ್ತದೆ. ಅದರಲ್ಲಿ ಪತ್ರ ಇರುವುದಿಲ್ಲ. ಕಾಗದದಲ್ಲಿ ಮಡಚಿದ ನಾಲ್ಕಾರು ಭತ್ತದ ಕಾಳು, ಅಷ್ಟೆ.

ಸೆಪ್ಟೆಂಬರ್ 8 ಮೇರಿ ಮಾತೆ ಹುಟ್ಟಿದ ದಿನ. ಬೆಂಗಳೂರಿನವರಿಗೆ ಅದು ಶಿವಾಜಿನಗರದ ಸೇಂಟ್ ಮೇರಿಸ್ ಬಸಿಲಿಕಾದ ದೊಡ್ಡ ಹಬ್ಬ. ನಮ್ಮ ಕರಾವಳಿಯ ಕೊಂಕಣಿ ಕ್ರೈಸ್ತರಿಗೆ ಅದೇ ದಿನ ಮೊಂತಿ ಫೆಸ್ತ್, ಅಂದರೆ ತೆನೆ ಹಬ್ಬ. ಮೊದಲಿನ ಒಂಬತ್ತು ದಿನ ಮಕ್ಕಳು ಮಾತೆಗೆ ಹೂ ಅರ್ಪಿಸುತ್ತಾರೆ. ಊರಲ್ಲಿ ಬೇಲಿಯ ಹೂ ಸಾಕು. ಇಲ್ಲಿ ಜಯನಗರ 4ನೇ ಬ್ಲಾಕಿಗೆ ಹೋದರೆ ಗೌರಿ ಗಣೇಶ ಹಬ್ಬದ ದರ!

ಹಬ್ಬದ ದಿನ ಚರ್ಚಿನಲ್ಲಿ ಆಶೀರ್ವದಿಸಿದ ತೆನೆಯನ್ನು ಮನೆಗೆ ತಂದು, ಕಾಳು ಸುಲಿದು, ಹಾಲಿಗೋ ಪಾಯಸಕ್ಕೋ ಹಾಕಿ ಹಿರಿಯರು ಎಲ್ಲರಿಗೂ ಹಂಚುತ್ತಾರೆ. ಇದು 'ನೊವೆಂ', ಅಂದರೆ ಹೊಸತು. ಆಮೇಲೆ ಬಾಳೆ ಎಲೆಯಲ್ಲಿ ಊಟ. ಅಂದು ಮೀನು, ಮಾಂಸ ಇಲ್ಲ. ನೀವು ಕದಿರು ಕಟ್ಟಿ ಹೊಸಕ್ಕಿ ಊಟ ಮಾಡುತ್ತೀರಲ್ಲ, ಹಾಗೇ ಇದು. ಬರಲಾಗದವರ ಪಾಲು ಅಂಚೆಯಲ್ಲಿ ಹೋಗುತ್ತದೆ. ಮುಂಬೈಗೂ, ಗಲ್ಫಿಗೂ.

ನಾವು ಇಲ್ಲಿಗೆ ಬಂದ ಮೊದಲ ವರ್ಷ ಲಕೋಟೆ ಹಬ್ಬ ಕಳೆದ ಮೇಲೆ ಬಂತು. ಆಗ ಬಾಡಿಗೆ ಲೆಕ್ಕಕ್ಕೆ ಜಗಳವಾಡಿ ಇಬ್ಬರೂ ಮಾತು ಬಿಟ್ಟಿದ್ದೆವು. ಲಕೋಟೆ ಕಪಾಟಿನ ಮೇಲೆ ಬಿದ್ದಿತ್ತು. ಅಮ್ಮ ಇಬ್ಬರಿಗೂ ಬೇರೆ ಬೇರೆ ಫೋನ್ ಮಾಡಿ, "ನೊವೆಂ ತಿಂದಿರಾ?" ಎಂದು ಕೇಳಿದಳು. ಇಬ್ಬರೂ ಹೌದು ಎಂದು ಸುಳ್ಳು ಹೇಳಿದೆವು. "ಅಪ್ಪನ ಪಾಲನ್ನೂ ಅದರಲ್ಲೇ ಹಾಕಿದ್ದೆ" ಎಂದಳು. ಅಪ್ಪ ತೀರಿಕೊಂಡ ಮೇಲೆ ಅದು ಎರಡನೇ ಹಬ್ಬ.

ಆ ರಾತ್ರಿ ಲಕೋಟೆ ಒಡೆದೆವು. ಏಳು ಕಾಳು ಇದ್ದವು. ಉಗುರಿನಿಂದ ಸುಲಿದು ಹಾಲಿಗೆ ಹಾಕಿದೆವು. ಮೂರು ಮೂರು ಹಂಚಿದ ಮೇಲೆ ಒಂದು ಉಳಿಯಿತು. ಅದು ಯಾರಿಗೆ ಎಂದು ತೀರ್ಮಾನಿಸಲು ಮಾತಾಡಲೇಬೇಕಾಯಿತು.

ನಮ್ಮ ಗದ್ದೆಯಲ್ಲಿ ಈಗ ಅಡಿಕೆ ಇದೆ. ಭತ್ತ ಬೆಳೆಯದವರಿಗೆ ತೆನೆ ಹಬ್ಬ ಯಾಕೆ ಎಂದು ಹಿಂದೆ ಕೇಳುತ್ತಿದ್ದೆವು. ಈಗ ಕೇಳುವುದಿಲ್ಲ. ಎದುರಿಗೆ ಇಲ್ಲದವರ ಪಾಲನ್ನು ತೆಗೆದಿಟ್ಟು ಉಣ್ಣು ಎಂದು ಹಬ್ಬ ಹೇಳುತ್ತದೆ. ಅದನ್ನು ವರ್ಷಕ್ಕೊಮ್ಮೆ ಮಾಡಿದರೆ ಸಾಲದು.

ಒಬ್ಬರ ಡ್ಯೂಟಿ ತಡವಾದರೆ ಇನ್ನೊಬ್ಬರು ಮೊದಲು ಅವರ ಅನ್ನ ತೆಗೆದಿಟ್ಟು, ಶಿಲುಬೆಯ ಗುರುತು ಮಾಡಿ ಊಟಕ್ಕೆ ಕೂರುತ್ತೇವೆ. ಜಪಸರ ಹಿಡಿಯಲು ಆಗದ ದಿನವೂ ಇಷ್ಟನ್ನು ತಪ್ಪಿಸುವುದಿಲ್ಲ.

ನಿಮ್ಮ ಮನೆಯಲ್ಲಿ ಹೊಸಕ್ಕಿಯ ಮೊದಲ ಪಾಲು ಯಾರಿಗೆ?