ಸೀಟು ಸಿಗೋದು ಕಷ್ಟ ಅಂದ್ರೆ ಓದು ಚೆನ್ನಾಗಿದೆ ಅಂತಲಾ?

ಪಿಯುಸಿ ಫಲಿತಾಂಶ ಬಂದರೆ ಸಾಕು, ನಮ್ಮ ಗುಂಡ್ಲುಪೇಟೆ ಕಡೆ ಮನೆಮನೆಯಲ್ಲೂ ಒಂದೇ ಮಾತು: ಮೈಸೂರೋ, ಬೆಂಗಳೂರೋ? ನನ್ನ ಅಕ್ಕನ ಮಗಳಿಗೆ ಪತ್ರಿಕೋದ್ಯಮ ಓದೋ ಆಸೆ. ಬೆಂಗಳೂರಿನ ಖಾಸಗಿ ವಿಶ್ವವಿದ್ಯಾಲಯವೇ ಬೇಕು ಅಂತ ಹಟ ಹಿಡಿದಿದ್ದಾಳೆ. "ಅಲ್ಲಿ ಸೀಟು ಸಿಗೋದೇ ಕಷ್ಟ ಮಾವ, ಅದಕ್ಕೇ ಅಷ್ಟು ಹೆಸರು" ಅಂತಾಳೆ. ಬಂಡೀಪುರದ ಕಾಡಂಚಲ್ಲಿ ಅರಿಶಿನ, ಚೆಂಡುಹೂವು ಬೆಳೆಯುವ ಭಾವ, "ಒಂದೆಕ್ರೆ ಹೋದ್ರೂ ಸೈ ಕನಪ್ಪ, ಹೆಸ್ರಿರೋ ಕಡೇನೇ ಓದ್ಲಿ" ಅಂತಾರೆ. ಅವರಿಗಿರೋದೇ ಎರಡು ಎಕರೆ. ಹಾಗಾಗಿ ಆ 'ಹೆಸರು' ಎಷ್ಟು ತೂಗುತ್ತೆ ಅಂತ ನೋಡಲೇಬೇಕಾಯ್ತು.

ಮೊದಲು 'ಸೀಟು ಕಷ್ಟ' ಅನ್ನೋ ಮಾತು. ನೂರು ಸೀಟಿಗೆ ಸಾವಿರ ಅರ್ಜಿ ಬಂದರೆ ಹತ್ತರಲ್ಲಿ ಒಬ್ಬರಿಗೆ ಸೀಟು. ಮುಂದಿನ ವರ್ಷ ಜಾಹೀರಾತು ಜಾಸ್ತಿ ಕೊಟ್ಟು ಎರಡು ಸಾವಿರ ಅರ್ಜಿ ತರಿಸಿದರೆ ಇಪ್ಪತ್ತರಲ್ಲಿ ಒಬ್ಬರಿಗೆ. ಮೇಷ್ಟ್ರು ಅವರೇ, ಪಾಠ ಅದೇ. ಹೆಸರು ಮಾತ್ರ ಎರಡು ಪಟ್ಟು!

ಇನ್ನೊಂದು ವಿಷಯ ಭಾವನಿಗೆ ಬೇಗ ಅರ್ಥವಾಯಿತು. ಗಟ್ಟಿ ಗಡ್ಡೆ ಆರಿಸಿ ಬಿತ್ತಿದರೆ ಅರಿಶಿನ ಚೆನ್ನಾಗಿ ಬರುತ್ತೆ. ಅದು ಮಣ್ಣಿನ ಗುಣವೋ, ಬಿತ್ತನೆಯ ಗುಣವೋ? ಮೊದಲೇ ಚೆನ್ನಾಗಿ ಓದೋ ಮಕ್ಕಳನ್ನಷ್ಟೇ ಆರಿಸಿಕೊಂಡ ಸಂಸ್ಥೆಯ ಫಲಿತಾಂಶಕ್ಕೂ ಇದೇ ಪ್ರಶ್ನೆ ಕೇಳಬೇಕು.

ಆರಿಸೋದು ಹೇಗೆ ಅನ್ನೋದೂ ಮುಖ್ಯ. ಬೆಂಗಳೂರಿನ ಹೆಸರಾಂತ ಸಂಸ್ಥೆಗಳಲ್ಲಿ ಅಂಕದ ಜೊತೆ ಪ್ರವೇಶ ಪರೀಕ್ಷೆ, ಸಂದರ್ಶನ ಇರೋದುಂಟು. ಇಂಗ್ಲಿಷಿನಲ್ಲಿ ಪಟಪಟ ಮಾತಾಡೋರಿಗೆ ಸಂದರ್ಶನ ಸಲೀಸು. ಆನೆ ಹೊಲಕ್ಕೆ ಇಳಿದ ರಾತ್ರಿ ಹೇಗಿರುತ್ತೆ, ಕಾಡೊಳಗಿನ ಹೆದ್ದಾರಿಯನ್ನು ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಯಾಕೆ ಮುಚ್ಚುತ್ತಾರೆ, ಇದು ನಮ್ಮ ಹುಡುಗಿಗೆ ಗೊತ್ತು. ವರದಿಗಾರ್ತಿಗೆ ಅದೇ ಬಂಡವಾಳ. ಇಂಗ್ಲಿಷ್ ಕಲೀಬೇಕು, ಬೇಡ ಅಂತಲ್ಲ. ಆದರೆ ಅದನ್ನು ಕಲಿಸೋ ಕಾಲೇಜು ಬೇರೆ, ಕಲಿತು ಬಂದವರನ್ನೇ ಆರಿಸೋ ಕಾಲೇಜು ಬೇರೆ.

ಶ್ರೇಣಿ ನೋಡಿದರೆ ಆಗಲ್ವಾ? ಸ್ವಲ್ಪ ಆಗುತ್ತೆ. ನ್ಯಾಕ್ ತಂಡ ಬಂದು ನೋಡಿ ದರ್ಜೆ ಕೊಡುತ್ತಿತ್ತು. ಆದರೆ ಆಂಧ್ರದ ಒಂದು ಖಾಸಗಿ ಸಂಸ್ಥೆಗೆ ಒಳ್ಳೆ ದರ್ಜೆ ಕೊಡಲು ಲಂಚ ಪಡೆದ ಆರೋಪದಲ್ಲಿ 2025ರ ಫೆಬ್ರವರಿಯಲ್ಲಿ ಸಿಬಿಐ ಆ ತಪಾಸಣಾ ತಂಡದವರನ್ನೇ ಬಂಧಿಸಿತು. ಕೇಂದ್ರ ಸರ್ಕಾರ 2016ರಿಂದ ಪ್ರಕಟಿಸುತ್ತಿರುವ ಎನ್‌ಐಆರ್‌ಎಫ್ ಪಟ್ಟಿಯಲ್ಲೂ ನೂರಕ್ಕೆ ಹತ್ತು ಅಂಕ 'ಜನರ ಅಭಿಪ್ರಾಯ'ಕ್ಕೇ ಮೀಸಲು. ಅಂದರೆ ಹೆಸರಿದ್ದವರಿಗೆ ಹೆಸರಿಗಾಗಿಯೇ ಅಂಕ.

ಹಾಗಂತ ಖಾಸಗಿ ಎಲ್ಲವೂ ಒಂದೇ ಅಲ್ಲ. ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದಲ್ಲಿ ಮನೆಯ ಆದಾಯ ನೋಡಿ ಶುಲ್ಕಕ್ಕೆ ನೆರವು ಕೊಡುತ್ತಾರೆ. ಇತ್ತ ಸರ್ಕಾರಿ ಅಂದ ಮಾತ್ರಕ್ಕೆ ನಿಶ್ಚಿಂತೆಯೂ ಇಲ್ಲ. ನಮ್ಮದೇ ಹೊಸ ಚಾಮರಾಜನಗರ ವಿಶ್ವವಿದ್ಯಾಲಯವನ್ನು ಮುಚ್ಚುವ ಮಾತು 2025ರಲ್ಲಿ ಬಂದಿತ್ತು.

ಅದಕ್ಕೇ ಅಕ್ಕನ ಮಗಳಿಗೆ ಐದು ಪ್ರಶ್ನೆ ಬರೆದುಕೊಟ್ಟೆ. ಹಾಸ್ಟೆಲ್, ಊಟ ಸೇರಿ ಕೋರ್ಸ್ ಮುಗಿಯೋವರೆಗೆ ಒಟ್ಟು ಎಷ್ಟು? ಶುಲ್ಕ ವರ್ಷವರ್ಷ ಏರುತ್ತಾ? ಸೇರಿದವರಲ್ಲಿ ಎಷ್ಟು ಜನ ಮುಗಿಸಿದರು? ಈ ಕೋರ್ಸ್ ಮುಗಿಸಿದವರು ಈಗ ಎಲ್ಲಿದ್ದಾರೆ? ಕನ್ನಡ ಮಾಧ್ಯಮದಿಂದ ಬಂದವರಿಗೆ ಮೊದಲ ವರ್ಷ ಏನು ಸಹಾಯ? ಕೊನೆಯ ಎರಡಕ್ಕೆ ಕಚೇರಿಯವರ ಉತ್ತರ ಸಾಲದು, ಅಲ್ಲಿ ಓದ್ತಿರೋ ಹಳ್ಳಿ ಮಕ್ಕಳನ್ನೇ ಕೇಳಬೇಕು.

"ಇವತ್ತೇ ದುಡ್ಡು ಕಟ್ಟಿ, ಇಲ್ಲಾಂದ್ರೆ ಸೀಟು ಹೋಗುತ್ತೆ" ಅಂದರೆ ಗಾಬರಿ ಬೀಳಬೇಡಿ. ಯುಜಿಸಿಯ 2018ರ ನಿಯಮದಂತೆ ಪ್ರವೇಶದ ಕೊನೆ ದಿನಕ್ಕೆ 15 ದಿನ ಮೊದಲೇ ಸೀಟು ಬಿಟ್ಟರೆ ಸಣ್ಣ ಮೊತ್ತವೊಂದನ್ನು ಮುರಿದುಕೊಂಡು ಉಳಿದ ಶುಲ್ಕ ವಾಪಸ್ ಕೊಡಬೇಕು. ತಡವಾದಷ್ಟೂ ಕಡಿಮೆ. ಕೊನೆ ದಿನ ಕಳೆದು 30 ದಿನ ದಾಟಿದರೆ ಏನೂ ಇಲ್ಲ. ಮೂಲ ಅಂಕಪಟ್ಟಿಯನ್ನಂತೂ ಅವರು ಇಟ್ಟುಕೊಳ್ಳುವಂತಿಲ್ಲ.

ಹುಡುಗಿ ಈಗ ಮೂರು ಕಡೆಗೆ ಫೋನ್ ಮಾಡಿ ಉತ್ತರ ಬರೆದುಕೊಳ್ಳುತ್ತಿದ್ದಾಳೆ. ಐದಕ್ಕೂ ಉತ್ತರ ಬರೋವರೆಗೆ ಜಮೀನಿನ ಮಾತು ಎತ್ತಲ್ಲ ಅಂತ ಭಾವ ಒಪ್ಪಿದ್ದಾರೆ.