ಅಪ್ಪನ ಗಾಳದ ಕೋಲು ಮತ್ತು ನೀಲಿ ದಾರ

ಬ್ಲಾಗಿನ ಕಡೆ ತಲೆ ಹಾಕದೆ ಎರಡು ತಿಂಗಳಾಯ್ತು. ರಿಲೀಸು, ಬಗ್ಗು, ಮತ್ತೆ ರಿಲೀಸು... ಅದೇ ಹಳೇ ರಾಗ. ಆದರೆ ಕಳೆದ ಶನಿವಾರ ನಡೆದದ್ದನ್ನ ಬರೆಯದೆ ಇರೋಕಾಗ್ತಿಲ್ಲ.

ಮೊನ್ನೆ ಕುಂದಾಪುರಕ್ಕೆ ಹೋದಾಗ ಅಪ್ಪನ ಹಳೇ ಗಾಳದ ಕೋಲನ್ನು ಬೆಂಗಳೂರಿಗೆ ಹೊತ್ತು ತಂದಿದ್ದೆ. ಫೈಬರ್ ಗ್ಲಾಸಿನದು, ನಾನು ಹುಟ್ಟೋಕಿಂತ ಮೊದಲಿನದು. ಕೋಲಿನ ಮೈ ಇನ್ನೂ ಗಟ್ಟಿಮುಟ್ಟಾಗಿದೆ. ಹಾಳಾಗಿದ್ದು ಗೈಡುಗಳು, ಅಂದರೆ ತಂಗೂಸು ಹಾದು ಹೋಗೋ ಉಂಗುರಗಳು. ಉಪ್ಪುನೀರಿಗೆ ಅವುಗಳ ಕಾಲು ತುಕ್ಕು ಹಿಡಿದಿತ್ತು. ಒಂದರೊಳಗೆ ಹತ್ತಿ ತೂರಿಸಿ ಎಳೆದರೆ ಎಳೆ ಸಿಕ್ಕಿಕೊಳ್ತಿತ್ತು. ಹಾಗಾದರೆ ಉಂಗುರ ಬಿರುಕು ಬಿಟ್ಟಿದೆ ಅಂತ ಅರ್ಥ. ಮೀನು ಎಳೆಯುವಾಗ ತಂಗೂಸು ಸವೆದು ತುಂಡಾಗೋದು ಅಲ್ಲೇ.

ಹೊಸ ಗೈಡ್ ಕಟ್ಟೋದು ಆಮೇಲಿನ ಮಾತು. ಮೊದಲು ಹಳೇದನ್ನ ತೆಗೀಬೇಕಲ್ಲ? ಗೈಡಿನ ಕಾಲನ್ನು ಕೋಲಿಗೆ ಒತ್ತಿಟ್ಟು, ದಾರ ಸುತ್ತಿ, ಮೇಲೆ ಎಪಾಕ್ಸಿ ಬಳಿದಿರ್ತಾರೆ. ಒಣಗಿದ ಮೇಲೆ ಗಾಜಿನ ಹಾಗೆ.

ಎರಡು ವರ್ಷದ ಹಿಂದೆ ನನ್ನದೇ ಗ್ರಾಫೈಟ್ ಕೋಲಿನ ಮೇಲೆ ಈ ಪ್ರಯೋಗ ಮಾಡಿ ಕೈ ಸುಟ್ಟುಕೊಂಡಿದ್ದೆ. ಬ್ಲೇಡನ್ನು ಸೀದಾ ಕೋಲಿನ ಮೈಮೇಲೇ ಓಡಿಸಿದ್ದೆ. ಹೊರಗೆ ಕಂಡಿದ್ದು ಒಂದು ಕೂದಲೆಳೆಯಷ್ಟು ಗೀರು. ಮನೇಲಿ ಬಗ್ಗಿಸಿ ನೋಡಿದಾಗ ಪಾಸು! ಮೊದಲ ಮೀನು ಕಚ್ಚಿದ ಕೂಡಲೇ ಆ ಗೀರಿನಲ್ಲೇ ಲಟಕ್. ಪ್ರೊಡಕ್ಷನ್ನಿನಲ್ಲಿ ಮಾತ್ರ ಕಾಣಿಸಿಕೊಳ್ಳೋ ಬಗ್ಗು ಅಂದರೆ ಇದೇ :)

ಈ ಸಲ ಆತುರ ಮಾಡಲಿಲ್ಲ. ಪ್ರತಿ ಗೈಡೂ ತುದಿಯಿಂದ ಎಷ್ಟು ದೂರ ಇದೆ ಅಂತ ಮೊದಲೇ ಅಳೆದು ಬರೆದಿಟ್ಟೆ. ರೂಮ್‌ಮೇಟಿನ ಹೇರ್ ಡ್ರೈಯರಿನಲ್ಲಿ (ಕೇಳದೆ ತಗೊಂಡಿದ್ದು) ಎಪಾಕ್ಸಿಯನ್ನು ಬಿಸಿ ಮಾಡಿದೆ. ಮೆತ್ತಗಾಗೋವಷ್ಟು ಬಿಸಿ ಸಾಕು, ಅತಿಯಾದರೆ ಕೋಲನ್ನು ಹಿಡಿದಿಟ್ಟಿರೋ ರಾಳವೇ ಕೆಡುತ್ತೆ. ಆಮೇಲೆ ಬ್ಲೇಡನ್ನು ಗೈಡಿನ ಕಾಲಿನ ಮೇಲೇ ಇಟ್ಟು ಉದ್ದಕ್ಕೆ ಸೀಳಬೇಕು. ಕೆಳಗೆ ಲೋಹ ಇರುತ್ತಲ್ಲ, ಬ್ಲೇಡಿನ ಪೆಟ್ಟನ್ನ ಅದು ತಿನ್ನುತ್ತೆ, ಕೋಲಿಗೆ ತಾಗಲ್ಲ. ಇಡೀ ಕೆಲಸದ ಗುಟ್ಟು ಇಷ್ಟೇ. ಸೀಳಿದ ಅಂಚನ್ನು ಉಗುರಿನಿಂದ ಎಬ್ಬಿಸಿದರೆ ಎಪಾಕ್ಸಿ, ದಾರ ಎರಡೂ ಸಿಪ್ಪೆ ಥರ ಏಳುತ್ತವೆ. ಉಳಿದ ಚೂರುಗಳನ್ನು ಮತ್ತೆ ಬಿಸಿ ಮಾಡಿ, ಹಳೇ ಪ್ಲಾಸ್ಟಿಕ್ ಕಾರ್ಡಿನ ಅಂಚಿನಿಂದ ಕೆರೆದೆ. ತುದಿಯ ಉಂಗುರಕ್ಕೆ ದಾರ ಇರಲಿಲ್ಲ, ಬರೀ ಅಂಟು. ಬಿಸಿ ಮಾಡಿ ತಿರುಚದೆ ನೇರ ಎಳೆದೆ, ಬಂತು.

ಒಂದೊಂದೇ ಸಿಪ್ಪೆ ಎದ್ದಿತು. ಹೊರಗೆ ಕೊಳೆ ಕೂತು ಎಲ್ಲ ಒಂದೇ ಬಣ್ಣ. ಒಳಗೆ ಕಂದು ದಾರ. ನಾಲ್ಕನೇ ಗೈಡಿಗೆ ಬಂದಾಗ ಕೈ ನಿಂತುಬಿಟ್ಟಿತು. ಅಲ್ಲಿ ನೀಲಿ ದಾರ!

ಆ ನೀಲಿ ನಂಗೆ ಗೊತ್ತು. ಅಮ್ಮ ನನ್ನ ಶಾಲೆಯ ಚಡ್ಡಿ ಹೊಲೀತಿದ್ದ ದಾರ ಅದು.

ಏಳನೇ ಕ್ಲಾಸಿನಲ್ಲಿದ್ದಾಗ, ಅಪ್ಪ ಇಲ್ಲದ ಹೊತ್ತಲ್ಲಿ ಈ ಕೋಲನ್ನು ಕದ್ದು ಪಂಚಗಂಗಾವಳಿ ಹೊಳೆ ಹತ್ತಿರ ಒಯ್ದು, ಕಲ್ಲಿನ ಮೇಲೆ ಬೀಳಿಸಿ ಒಂದು ಗೈಡ್ ಮುರಿದಿದ್ದೆ. ಮುರಿದ ಉಂಗುರವನ್ನು ಹೊಳೆಗೆಸೆದು, ಕೋಲನ್ನು ಅಟ್ಟದ ಮೇಲೆ ಮೊದಲಿದ್ದ ಹಾಗೇ ಇಟ್ಟಿದ್ದೆ. ಒಂದು ವಾರ ಊಟ ಸೇರಿರಲಿಲ್ಲ. ಅಪ್ಪ ಏನೂ ಕೇಳಲಿಲ್ಲ. ಆಮೇಲೆ ಹಾಸ್ಟೆಲ್ಲು, ಇಂಜಿನಿಯರಿಂಗು, ಕೆಲಸ... ಆ ಕೋಲನ್ನು ನಾನು ಮತ್ತೆ ಮುಟ್ಟಿರಲೇ ಇಲ್ಲ. ಸಿಕ್ಕಿಬೀಳಲಿಲ್ಲ ಅಂತ ಒಳಗೊಳಗೇ ಬೀಗ್ತಿದ್ದೆ.

ಊರಿಗೆ ಫೋನ್ ಮಾಡಿದೆ. "ಅಪ್ಪಾ, ನಾಲ್ಕನೇ ಗೈಡಿಗೆ ನೀಲಿ ದಾರ ಸುತ್ತಿದೆ" ಅಂದೆ. ಆ ಕಡೆ ಸ್ವಲ್ಪ ಹೊತ್ತು ಮೌನ. ಆಮೇಲೆ, "ನೀನೇ ಹೇಳ್ತಿ ಅಂದ್ಕಂಡಿದ್ದೆ ಮಾರಾಯ" ಅಂದರು. ಬೈಲಿಲ್ಲ, ನಗಲೂ ಇಲ್ಲ. "ಕೋಲಿಗೆ ಗೀರು ಬೀಳ್ಸ್‌ಬೇಡ" ಅಂತ ಹೇಳಿ ಅಮ್ಮನ ಕೈಗೆ ಫೋನ್ ಕೊಟ್ಟರು.

ಅವತ್ತೇ ಹೇಳಿದ್ದರೆ ಎರಡು ಏಟು ಬಿದ್ದು ಮುಗೀತಿತ್ತು. 15 ವರ್ಷ ಅಪ್ಪ ಕಾದರಲ್ಲ, ಅದೇ ಈಗ ಕೊರೀತಿದೆ.

ಉಳಿದ ಸಿಪ್ಪೆಗಳೆಲ್ಲ ಕಸದ ಬುಟ್ಟಿಗೆ ಹೋದವು. ನೀಲಿಯದೊಂದು ಮೇಜಿನ ಮೇಲೆ ಹಾಗೇ ಇದೆ. ಹೊಸ ಗೈಡ್ ಕಟ್ಟೋ ಕಥೆ ಮುಂದಿನ ಸಲ. ಅಷ್ಟರೊಳಗೆ, ಎಪಾಕ್ಸಿಯಲ್ಲಿ ಗುಳ್ಳೆ ಏಳದ ಹಾಗೆ ಹಚ್ಚೋದು ನಿಮಗ್ಯಾರಿಗಾದರೂ ಗೊತ್ತಿದ್ದರೆ ದಯವಿಟ್ಟು ತಿಳಿಸಿ.