ನೀಲಿ ಫಲಕ ಮತ್ತು ತೇರು

ನಮ್ಮ ಕಡೆ ಹಳೆಯ ದೇವಸ್ಥಾನಗಳಲ್ಲಿ ಎರಡು ಬಗೆ. ಒಂದಕ್ಕೆ ಪುರಾತತ್ವ ಇಲಾಖೆಯ ನೀಲಿ ಫಲಕ, ತಂತಿ ಬೇಲಿ, ಗರ್ಭಗುಡಿಗೆ ಬೀಗ, ಅಚ್ಚುಕಟ್ಟಾದ ಹುಲ್ಲು, ಆ ಹುಲ್ಲನ್ನು ತುಳಿಯಬೇಡಿ ಎನ್ನುವ ಇನ್ನೊಂದು ಫಲಕ. ಎರಡನೆಯದರ ಕಂಬಗಳಿಗೆ ಸುಣ್ಣ ಬಳಿದಿರುತ್ತಾರೆ, ದ್ವಾರಪಾಲಕನ ತಲೆಯ ಮೇಲೆ ಟ್ಯೂಬ್‌ಲೈಟು ಹೊಡೆದಿರುತ್ತಾರೆ, ಶಿಲ್ಪದ ಮೂಗು ಎಣ್ಣೆ ಕುಡಿದು ಮಸುಕಾಗಿರುತ್ತದೆ. ಕಲೆಯ ಲೆಕ್ಕದಲ್ಲಿ ಅದು ಹಾಳು. ಆದರೆ ವರ್ಷಕ್ಕೊಮ್ಮೆ ಅಲ್ಲಿ ತೇರು ಎಳೆಯುತ್ತಾರೆ, ಮುಂಬಯಿಗೆ ಹೋದ ಮಗ ರಜೆ ಹಾಕಿ ಬರುತ್ತಾನೆ, ಮದುವೆಯಾಗಿ ಹೋದ ಮಗಳು ಮಕ್ಕಳನ್ನು ಕರೆದುಕೊಂಡು ಬರುತ್ತಾಳೆ. ಫಲಕದ ಗುಡಿಯನ್ನು ನೋಡಲು ಹೊರಗಿನವರು ಬರುತ್ತಾರೆ. ತೇರಿನ ಗುಡಿಗೆ ಊರೇ ಬರುತ್ತದೆ. ಮುಚ್ಚಿಹೋದ ಗಣಿಗಳನ್ನು ಪರಂಪರೆಯ ತಾಣವಾಗಿ ಉಳಿಸಬೇಕೆಂಬ ಮಾತು ಬಂದಾಗಲೆಲ್ಲ ನನಗೆ ಈ ಎರಡು ಗುಡಿಗಳು ನೆನಪಾಗುತ್ತವೆ. ಗಣಿಗೂ ಬೇಕಾದದ್ದು ತೇರು ಎಂಬುದು ನನ್ನ ವಾದ. ಫಲಕ ಆಮೇಲೆ ಬಂದರೂ ಆದೀತು.

ಕೋಲಾರದ ಚಿನ್ನದ ಗಣಿಯನ್ನೇ ನೋಡಿ. ಅದಕ್ಕೆ ಇನ್ನೂ ಸರಿಯಾದ ಫಲಕವೂ ಇಲ್ಲ. ಈ ಗಣಿಯ ಹೆಸರಿನ 2018ರ ಸಿನಿಮಾ ಬಂದ ಮೇಲೆ ಹುಡುಗರು ಬೆಂಗಳೂರಿನಿಂದ ನೂರು ಕಿಲೋಮೀಟರ್ ಬೈಕು ಓಡಿಸಿಕೊಂಡು ಬಂದು ಸೈನೈಡ್ ಗುಡ್ಡದ ಮುಂದೆ ಫೋಟೊ ತೆಗೆಸಿಕೊಂಡು ಹೋಗುತ್ತಾರೆ. ಗುಡ್ಡ ಎಂದರೆ ದೇವರು ಮಾಡಿದ ಗುಡ್ಡವಲ್ಲ. ಅದಿರನ್ನು ಹಿಟ್ಟಿನಂತೆ ಅರೆದು, ಸೈನೈಡ್ ನೀರಿನಲ್ಲಿ ಚಿನ್ನ ಕರಗಿಸಿ ತೆಗೆದ ಮೇಲೆ ಉಳಿದ ಬೂದುಬಣ್ಣದ ಮಣ್ಣು. ನೂರು ವರ್ಷಕ್ಕೂ ಹೆಚ್ಚು ಕಾಲ ಸುರಿದದ್ದು. ಮಳೆ ಅದರ ಮೈಯಲ್ಲಿ ಕೊರಕಲು ತೋಡಿದೆ, ಗಾಳಿ ಬೀಸಿದರೆ ಅದರ ಪುಡಿ ಮನೆಗಳ ಹೊಸ್ತಿಲಿಗೆ ಬರುತ್ತದೆ. ಫೋಟೊದಲ್ಲಿ ಅದು ಚೆಂದ ಕಾಣುತ್ತದೆ ಎಂಬುದನ್ನು ಒಪ್ಪೋಣ. ಆದರೆ ಬಂದವರು ಕಸದ ತಿಪ್ಪೆಯನ್ನು ನೋಡಿ ಮನೆಯವರನ್ನು ಮಾತಾಡಿಸದೆ ಹೋದಂತಾಯಿತು. ಇದೇ ಊರಿನ ಗಣಿಗಳು ನೆಲದೊಳಗೆ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದಿದ್ದವು. 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ತಂತಿ ಎಳೆದು ಇಲ್ಲಿಗೆ ವಿದ್ಯುತ್ ತಂದರು. ಬೆಂಗಳೂರಿನ ಬೀದಿಗೆ ದೀಪ ಬರಲು ಇನ್ನೂ ಮೂರು ವರ್ಷ ಬೇಕಾಯಿತು. ಇಲ್ಲಿನ ಚಾಂಪಿಯನ್ ರೀಫ್ಸ್ ಗಣಿಯ ಆಳದಲ್ಲಿ ಉಪಕರಣ ಇಟ್ಟು ಕೂತ ವಿಜ್ಞಾನಿಗಳು 1965ರಲ್ಲಿ, ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊ ಕಣದ ಸುಳಿವನ್ನು ಜಗತ್ತಿನಲ್ಲೇ ಮೊದಮೊದಲು ಹಿಡಿದರು. ಇದೆಲ್ಲ ಹೇಳಿಕೊಳ್ಳುವಂಥದ್ದೇ. ಆದರೂ ಇವನ್ನೆಲ್ಲ ಬರೆದು ಗೋಡೆಗೆ ತೂಗುಹಾಕಿದರೆ ಆಗುವುದು ನೀಲಿ ಫಲಕವೇ.

ಬೇರೆ ಊರಿನವರು ಏನು ಮಾಡಿದ್ದಾರೆ ನೋಡೋಣ. ವೇಲ್ಸ್‌ನ ಬ್ಲೈನಾವನ್ ಎಂಬಲ್ಲಿ ಬಿಗ್ ಪಿಟ್ ಎಂಬ ಕಲ್ಲಿದ್ದಲ ಗಣಿ ಇದೆ. 1980ರಲ್ಲಿ ಮುಚ್ಚಿದ್ದನ್ನು 1983ರಲ್ಲಿ ವಸ್ತುಸಂಗ್ರಹಾಲಯವಾಗಿ ತೆರೆದರು. ಸುತ್ತಲಿನ ಪ್ರದೇಶ 2000ದಲ್ಲಿ ವಿಶ್ವ ಪರಂಪರೆಯ ಪಟ್ಟಿಗೂ ಸೇರಿತು. ಅಲ್ಲಿ ಕೆಳಗಿಳಿಯುವ ಮುಂಚೆ ನಿಮ್ಮ ಫೋನು, ಬೆಂಕಿಪೊಟ್ಟಣ, ಬ್ಯಾಟರಿ ಗಡಿಯಾರ ಎಲ್ಲ ಕಳಚಿ ಕೊಡಬೇಕು. ಮೀಥೇನ್ ಅನಿಲಕ್ಕೆ ಒಂದು ಕಿಡಿ ಸಾಕು. ನೋಡಲು ಬಂದವನಿಗೂ ಗಣಿಯ ಕಾನೂನೇ. ತಲೆಗೆ ಹೆಲ್ಮೆಟು, ಅದರ ದೀಪ, ಸೊಂಟಕ್ಕೆ ಭಾರದ ಬ್ಯಾಟರಿ. ಜನರನ್ನು ಇಳಿಸುವ ಕೇಜು ತೊಂಬತ್ತು ಮೀಟರ್ ಇಳಿಯುತ್ತದೆ. ಮುಂದೆ ನಡೆಯುವವರು ಗಣಿಯಲ್ಲೇ ದುಡಿದ ಕೆಲಸಗಾರರು. ಒಂದು ಕಡೆ ನಿಲ್ಲಿಸಿ, ಎಲ್ಲರೂ ದೀಪ ಆರಿಸಿ ಎನ್ನುತ್ತಾರೆ. ಕಣ್ಣೆದುರು ಹಿಡಿದ ಸ್ವಂತ ಕೈ ಕಾಣದ ಆ ಕತ್ತಲಲ್ಲಿ, ಗಾಳಿಬಾಗಿಲು ತೆಗೆದು ಹಾಕುವ ಕೆಲಸಕ್ಕೆ ಒಂದು ಕಾಲದಲ್ಲಿ ಪುಟ್ಟ ಮಕ್ಕಳು ಇಡೀ ದಿನ ಕೂರುತ್ತಿದ್ದರು ಎಂದು ಹೇಳುತ್ತಾರೆ. ಈ ಮಾತನ್ನೇ ಧ್ವನಿಮುದ್ರಿಸಿ ಕಿವಿಗೆ ಸಿಕ್ಕಿಸಿಕೊಳ್ಳಲು ಕೊಟ್ಟರೆ ಮಾಹಿತಿ ಒಂದಿಷ್ಟೂ ಕಡಿಮೆಯಾಗದು, ಆದರೆ ಕೇಳಿದವನು ಸಂಜೆಯ ಹೊತ್ತಿಗೆ ಮರೆತಿರುತ್ತಾನೆ. ಆ ಮಾತಿಗೆ ತೂಕ ಬರುವುದು ಹೇಳುವವನು ಅಲ್ಲಿ ಉಸಿರಾಡಿ ದುಡಿದವನು ಎಂಬುದರಿಂದ.

ಹಾಗಾದರೆ ಇಳಿಯಲು ಸುರಂಗ ಇದ್ದರೆ ಮಾತ್ರ ಇದೆಲ್ಲ ಸಾಧ್ಯ ಎಂದು ಯಾರಾದರೂ ಹೇಳಿಯಾರು. ಕೋಲಾರದ ಶಾಫ್ಟುಗಳಲ್ಲಿ ನೀರು ತುಂಬಿದೆ, ಇನ್ನೆಲ್ಲಿಯ ಕೇಜು? ಅದಕ್ಕೆ ಉತ್ತರ ಇಂಗ್ಲೆಂಡಿನ ಡರ್ಹಮ್‌ನಲ್ಲಿದೆ. ಅಲ್ಲಿನ ಗಣಿಕಾರ್ಮಿಕರ ಸಂಘ 1871ರಿಂದ ವರ್ಷಕ್ಕೊಂದು ಮೇಳ ನಡೆಸುತ್ತ ಬಂದಿದೆ. 1990ರ ದಶಕದ ನಡುವಿನ ಹೊತ್ತಿಗೆ ಆ ಸೀಮೆಯ ಕೊನೆಯ ಆಳದ ಗಣಿಯೂ ಮುಚ್ಚಿತ್ತು. ಮೇಳ ಮುಚ್ಚಲಿಲ್ಲ. ಈಗಲೂ ಜುಲೈ ತಿಂಗಳ ಎರಡನೆಯ ಶನಿವಾರ ಒಂದೊಂದು ಗಣಿಯೂರಿನವರೂ ತಮ್ಮ ಹಿತ್ತಾಳೆ ವಾದ್ಯದ ತಂಡ, ತಮ್ಮ ರೇಷ್ಮೆ ಪತಾಕೆ ಹಿಡಿದು ಬೀದಿಗೆ ಇಳಿಯುತ್ತಾರೆ. ಪತಾಕೆ ಎಂದರೆ ಕೈಬಾವುಟವಲ್ಲ, ಎರಡು ಕಂಬಕ್ಕೆ ಕಟ್ಟಿ ನಾಲ್ಕೈದು ಜನ ಹಗ್ಗ ಹಿಡಿದು ಗಾಳಿಗೆ ಎದುರಾಗಿ ನಿಲ್ಲಿಸಬೇಕಾದ ಚಿತ್ರಪಟ. ಆ ವರ್ಷ ಗಣಿಯಲ್ಲಿ ಸಾವಾಗಿದ್ದರೆ ಅದಕ್ಕೆ ಕಪ್ಪು ಬಟ್ಟೆ ಸುತ್ತಿ ತರುವ ರೂಢಿಯಿತ್ತು. 1934ರಲ್ಲಿ ವೇಲ್ಸ್‌ನ ಗ್ರೆಸ್‌ಫರ್ಡ್ ಗಣಿಯ ಸ್ಫೋಟದಲ್ಲಿ ಸತ್ತ 266 ಜನರಿಗಾಗಿ ಒಬ್ಬ ಗಣಿಕಾರ್ಮಿಕನೇ ಕಟ್ಟಿದ ರಾಗವೊಂದಿದೆ. ಪದಗಳಿಲ್ಲದ ಆ ರಾಗ ನುಡಿಸುವಾಗ ಬಯಲಿನಲ್ಲಿ ಮಾತು ನಿಲ್ಲುತ್ತದೆ. ಮಧ್ಯಾಹ್ನ ಹೊಸ ಪತಾಕೆಗಳು ಕ್ಯಾಥೆಡ್ರಲ್ ಒಳಗೆ ಹೋಗಿ ಆಶೀರ್ವಾದ ಪಡೆಯುತ್ತವೆ. ಹೊಸ ಪತಾಕೆಗಳು! ಗಣಿ ಮುಚ್ಚಿ ದಶಕಗಳಾದ ಊರುಗಳು ಹಣ ಕೂಡಿಸಿ ಹೊಸದಾಗಿ ಪತಾಕೆ ಮಾಡಿಸುತ್ತಿವೆ. ಇಳಿಯಲು ಶಾಫ್ಟಿಲ್ಲ, ತೋರಿಸಲು ಯಂತ್ರವಿಲ್ಲ, ಪರಂಪರೆ ಮಾತ್ರ ಬೀದಿ ತುಂಬಾ ನಡೆಯುತ್ತಿದೆ. ಒಂದು ಕಡೆ ಸುರಂಗ ಇದ್ದು, ಇನ್ನೊಂದು ಕಡೆ ಇಲ್ಲದೆಯೂ ಎರಡೂ ಜೀವಂತವಾಗಿವೆ ಎಂದ ಮೇಲೆ ಜೀವ ಸುರಂಗದಲ್ಲಿಲ್ಲ. ಎರಡೂ ಕಡೆ ಇರುವುದು ಒಂದೇ: ಆ ಕೆಲಸ ಮಾಡಿದ ಮನೆಗಳ ಜನಕ್ಕೆ ಅಲ್ಲೊಂದು ಪಾತ್ರವಿದೆ. ತೇರಿನ ಹಗ್ಗ ಅವರ ಕೈಯಲ್ಲಿದೆ.

ಈಗ ಕೋಲಾರಕ್ಕೆ ಬಂದರೆ, ಅಲ್ಲಿ ಹಗ್ಗ ಹಿಡಿಯುವ ಕೈಗಳಿಗೆ ಬರವಿಲ್ಲ, ನೆನೆಯಬೇಕಾದ ದಿನಗಳಿಗೂ ಬರವಿಲ್ಲ. 1930ರಲ್ಲಿ ಕಂಪನಿ ಪ್ರತಿ ಕೆಲಸಗಾರನ ಬೆರಳಚ್ಚು ತೆಗೆದು ದಾಖಲೆ ಇಡುತ್ತೇವೆ ಎಂದಾಗ ಸಾವಿರಾರು ಜನ ಕೆಲಸ ಬಿಟ್ಟು ಹೊರಬಂದರು. ಬೆರಳಚ್ಚು ಕಳ್ಳರದಲ್ಲವೆ, ನಮ್ಮದೇಕೆ ಎಂಬುದು ಆ ಸಿಟ್ಟಿನ ತಿರುಳು. 1946ರ ನವೆಂಬರಿನಲ್ಲಿ ಪೊಲೀಸರ ಗುಂಡಿಗೆ ಆರು ಕಾರ್ಮಿಕರು ಬಲಿಯಾದರು. ಆಳದಲ್ಲಿ ಬಂಡೆ ತಾನಾಗಿ ಸಿಡಿಯುತ್ತಿತ್ತು. ಅದು ಸಿಡಿದಾಗ ಮೇಲಿನ ಮನೆಗಳ ಪಾತ್ರೆಗಳು ಅಲುಗಾಡುತ್ತಿದ್ದವು, ಹೆಂಗಸರು ಶಾಫ್ಟಿನ ಕಡೆ ಓಡುತ್ತಿದ್ದರು. ಬಿದಿರು ತಟ್ಟಿಯ ಸಾಲುಮನೆಗಳಲ್ಲಿ ಪೊಂಗಲ್, ಕ್ರಿಸ್‌ಮಸ್, ಅಂಬೇಡ್ಕರ್ ಜಯಂತಿ, ಬುದ್ಧ ಪೂರ್ಣಿಮೆ ಎಲ್ಲಕ್ಕೂ ಜಾಗವಿತ್ತು. ಫುಟ್‌ಬಾಲ್, ಹಾಕಿ ತಂಡಗಳ ಹೆಸರು ಕೇಳಿದರೆ ಇಂದಿಗೂ ಅಲ್ಲಿನ ಹಿರಿಯರ ಮುಖ ಅರಳುತ್ತದೆ. ಯಾವ ಸಲಹೆಗಾರ ಸಂಸ್ಥೆಯೂ ಬಂದು ‘ಕಾರ್ಯಕ್ರಮ ರೂಪಿಸುವ’ ಅಗತ್ಯವಿಲ್ಲ. ಪಂಚಾಂಗ ಸಿದ್ಧವಾಗಿದೆ, ಅದಕ್ಕೊಂದು ಅಂಗಳ ಕೊಟ್ಟರೆ ಆಯಿತು.

ಕೆಲಸ ಹೋದವರಿಗೆ ಮೇಳದಿಂದ ಹೊಟ್ಟೆ ತುಂಬುತ್ತದೆಯೇ ಎಂದು ಕೇಳುವವರಿದ್ದಾರೆ. ಬಲವಾದ ಪ್ರಶ್ನೆ. ಗಣಿ ಪಕ್ಕದ ಮಾರಿಕುಪ್ಪಂನಿಂದ ಬೆಳಗಿನ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೋಗಿ ರಾತ್ರಿ ಮರಳುವ ಸಾವಿರಾರು ಜನರ ಮುಂದೆ ನಿಂತು ಪರಂಪರೆಯ ಭಾಷಣ ಮಾಡಲು ಯಾರಿಗೂ ಬಾಯಿ ಬರಬಾರದು. ಮೇಳ ಉದ್ಯೋಗಕ್ಕೆ ಬದಲಿ ಎಂದು ನಾನೂ ಹೇಳುತ್ತಿಲ್ಲ. ಆದರೆ ಈ ಪ್ರಶ್ನೆಯನ್ನು ನಾವು ಬಡ ಊರುಗಳಿಗೆ ಮಾತ್ರ ಕೇಳುತ್ತೇವೆ. ಮೈಸೂರು ದಸರಾದಿಂದ ಎಷ್ಟು ಜನಕ್ಕೆ ಕಾಯಂ ನೌಕರಿ ಸಿಕ್ಕಿತು ಎಂದು ಯಾರೂ ಲೆಕ್ಕ ಕೇಳಿದ್ದಿಲ್ಲ. ಇನ್ನು ಕೆಲವರು, ಬಿಳಿಯರ ಲೂಟಿಯನ್ನು, ಶ್ವಾಸಕೋಶದಲ್ಲಿ ಕಲ್ಲುಪುಡಿ ತುಂಬಿ ಸತ್ತವರನ್ನು ಮರೆತು ಆ ಊರನ್ನು ‘ಲಿಟ್ಲ್ ಇಂಗ್ಲೆಂಡ್’ ಎಂದು ಹಾಡಿ ಹೊಗಳುವುದೇ ಇದರ ಗತಿಯಾಗುತ್ತದೆ ಎನ್ನುತ್ತಾರೆ. ಆ ಅಪಾಯ ನಿಜ. ಬಂಗಲೆ, ಕ್ಲಬ್ಬು, ಗಾಲ್ಫ್ ಮೈದಾನಗಳ ಕಥೆ ಹೊರಗಿನವರಿಗೆ ಸಲೀಸಾಗಿ ಮಾರಾಟವಾಗುತ್ತದೆ. ಆದರೆ ಮಾತು ತಟ್ಟಿಮನೆಯಿಂದ ಬಂದವರದಾದರೆ ಲಿಟ್ಲ್ ಇಂಗ್ಲೆಂಡಿನ ಬಣ್ಣ ತಾನಾಗಿ ಇಳಿಯುತ್ತದೆ. ಸಿಲಿಕೋಸಿಸ್ ಎಂದರೇನು ಎಂದು ಚಾರ್ಟ್ ಹಾಕಿ ತಿಳಿಸುವುದಕ್ಕಿಂತ, ಕೆಮ್ಮಿ ಕೆಮ್ಮಿ ಹೋದ ಅಪ್ಪನ ಮಗಳು ಹೇಳಿದ್ದು ಹೆಚ್ಚು ನಾಟುತ್ತದೆ.

ಮೆಲ್ಲಗೆ, ಅಕ್ಕಪಕ್ಕ ನೋಡಿ ಆಡುವ ಆಕ್ಷೇಪ ಇನ್ನೊಂದಿದೆ: ಅದು ತಮಿಳರ ನೆನಪು, ಕರ್ನಾಟಕ ಅದಕ್ಕೇಕೆ ಅಂಗಳ ಕೊಡಬೇಕು? ಗಣಿಗಿಳಿದವರಲ್ಲಿ ಹೆಚ್ಚಿನವರ ಮನೆಮಾತು ತಮಿಳು ಎಂಬುದು ಸತ್ಯ. ಉತ್ತರ ಆರ್ಕಾಟಿನ ಕಡೆಯಿಂದ, ಬಹುಪಾಲು ದಲಿತ ಕುಟುಂಬಗಳಿಂದ ಬಂದವರು ಅವರು. ಆದರೆ ಆ ಗಣಿಗೆ ಬೆಳಕು ಕೊಟ್ಟದ್ದು ಕಾವೇರಿ. ಅಲ್ಲಿ ತೆಗೆದ ಚಿನ್ನದ ರಾಜಧನ ಸೇರಿದ್ದು ಮೈಸೂರು ಸಂಸ್ಥಾನದ ಬೊಕ್ಕಸಕ್ಕೆ; ಆ ಸಂಸ್ಥಾನ ಕಟ್ಟಿದ್ದನ್ನೆಲ್ಲ ನಮ್ಮದು ಎಂದು ಎದೆಯುಬ್ಬಿಸಿ ಹೇಳಿಕೊಳ್ಳುವವರು ನಾವೇ. ಹಣ ನಮ್ಮದು, ಅದನ್ನು ಅಗೆದವರ ನೆನಪು ಮಾತ್ರ ಪಕ್ಕದ ರಾಜ್ಯದ್ದು ಎನ್ನುವ ಲೆಕ್ಕ ಯಾವ ಶಾನುಭೋಗರ ಕಡತದಲ್ಲೂ ತಾಳೆಯಾಗದು. ಫಲಕ ಕನ್ನಡದಲ್ಲೂ ಇರಲಿ, ತಮಿಳಿನಲ್ಲೂ ಇರಲಿ. ಕಥೆ ಹೇಳುವವರು ತಮಗೆ ಬರುವ ಭಾಷೆಯಲ್ಲಿ ಹೇಳಲಿ. ಕೋಲಾರ ಜಿಲ್ಲೆಯಲ್ಲಿ ಮೂರು ಭಾಷೆ ಅರ್ಥವಾಗದವರು ಕಡಿಮೆ.

ಗುಡ್ಡಗಳೂ ಶಾಶ್ವತವಲ್ಲ. ಹದಿಮೂರು ರಾಶಿಗಳಲ್ಲಿ ಉಳಿದ ಚಿನ್ನವನ್ನು ಮತ್ತೆ ಸೋಸಿ ತೆಗೆಯುವ ಪ್ರಸ್ತಾವಕ್ಕೆ 2024ರಲ್ಲಿ ರಾಜ್ಯ ಸಂಪುಟ ಒಪ್ಪಿಗೆ ಕೊಟ್ಟಿದೆ. ಅದು ನಡೆದರೆ ಫೋಟೊ ತೆಗೆಸಿಕೊಳ್ಳುವ ಜಾಗವೂ ಕರಗೀತು, ನನಗೇನೂ ಬೇಸರವಿಲ್ಲ. ಅವಸರ ಇರುವುದು ಬೇರೆ ಕಡೆ. ಬಿಗ್ ಪಿಟ್ ಮುಚ್ಚಿದ ಮೂರೇ ವರ್ಷಕ್ಕೆ ತೆರೆಯಿತು, ಹಾಗಾಗಿ ಅದರ ಕೆಲಸಗಾರರು ಗಟ್ಟಿಮುಟ್ಟಾಗಿರುವಾಗಲೇ ಸಿಕ್ಕರು. ಕೋಲಾರದ ಗಣಿ ಮುಚ್ಚಿದ್ದು 2001ರ ಫೆಬ್ರವರಿ 28ರಂದು. ಆ ದಿನ ಕೊನೆಯ ಪಾಳಿ ಮುಗಿಸಿ ಬಂದವರಲ್ಲಿ ಇಪ್ಪತ್ತೈದರ ಹುಡುಗನೊಬ್ಬ ಇದ್ದಿದ್ದರೆ ಅವನಿಗೂ ಈಗ ಐವತ್ತರ ಆಸುಪಾಸು.